ಹೆಸರು ಮೈಸೂರು, ಊರು ಮೈಸೂರಲ್ಲ: ಹಳೆಯ ಬ್ರಿಟಿಷ್ ಸ್ಟೀಮ್ ಎಂಜಿನ್ ಫೋಟೋ ಗುರುತಿಸುವಾಗ ಎಲ್ಲಿ ತಪ್ಪುತ್ತೇವೆ

ನಮ್ಮ ಮನೆಯ ನಡುಮನೆಯಲ್ಲಿ ಕಟ್ಟು ಹಾಕಿಸಿದ ಒಂದು ಕಪ್ಪು-ಬಿಳುಪು ಫೋಟೋ ಇದೆ. ಪ್ಲಾಟ್‌ಫಾರಂ ಪಕ್ಕ ನಿಂತ ಸ್ಟೀಮ್ ಎಂಜಿನ್. ದೊಡ್ಡ ಗಾಲಿಯ ಮೇಲೆ ಬಾಗಿದ ಫಲಕ, ಅದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಮೈಸೋರ್’. ನಾನು ಚಿಕ್ಕವನಿದ್ದಾಗಿನಿಂದ ಕೇಳಿದ ಕಥೆ ಒಂದೇ: ಇದು ಮಹಾರಾಜರ ಸ್ಪೆಷಲ್ ಟ್ರೈನಿನ ಎಂಜಿನ್, ಮೈಸೂರು ಸ್ಟೇಷನ್ನಿನಲ್ಲಿ ತೆಗೆದದ್ದು. ಕಟ್ಟಿನ ಹಿಂದೆ ಪೆನ್ಸಿಲಿನಲ್ಲಿ ‘1938’ ಅಂತಲೂ ಬರೆದಿತ್ತು. ಹೆಸರಿದೆ, ವರ್ಷ ಇದೆ, ಇನ್ನೇನು ಬೇಕು ಅಲ್ವಾ?

ಮೂರೂ ತಪ್ಪು. ಊರು ತಪ್ಪು, ರಾಜರ ಕಥೆ ತಪ್ಪು, ವರ್ಷ ತಪ್ಪು. ಅದನ್ನು ಬಿಡಿಸಿಕೊಳ್ಳಲು ನನಗೆ ಸುಮಾರು ಎರಡು ವರ್ಷ ಹಿಡಿಯಿತು. ಆ ಹೊತ್ತಿಗೆ ಬೇರೆಯವರ ಫೋಟೋಗಳನ್ನೂ ನೋಡುವ ಚಟ ಹತ್ತಿತ್ತು. ಎಲ್ಲರೂ ಹೆಚ್ಚುಕಡಿಮೆ ಅದೇ ಕಡೆ ಎಡವುತ್ತಾರೆ. ಹಾಗಾಗಿ ಗಾಡಿ ರಿಪೇರಿಗೆ ಮಾಡುವ ಹಾಗೆ ಇದನ್ನೂ ಲಕ್ಷಣ ನೋಡಿ ದೋಷ ಹುಡುಕುವ ಕ್ರಮದಲ್ಲಿ ಬರೆದಿದ್ದೇನೆ. ನಿಮ್ಮ ಫೋಟೋದ ಕಾಯಿಲೆ ಯಾವುದೋ ಅಲ್ಲಿಗೆ ನೇರವಾಗಿ ಹೋಗಬಹುದು.

ಮೊದಲು ಒಂದು ಕೆಲಸ. ಫೋಟೋವನ್ನು ಕಟ್ಟಿನಿಂದ ಬಿಡಿಸಿ. ಮುಂದೆ, ಹಿಂದೆ ಎರಡೂ ಬದಿ ಸ್ಕ್ಯಾನ್ ಮಾಡಿ. ಚಿಕ್ಕ ಪ್ರಿಂಟ್ ಆದರೆ 1200 ಡಿಪಿಐ ಇಡಿ. ಅಂಚನ್ನು ಕತ್ತರಿಸಬೇಡಿ. ಮೂಲೆಯಲ್ಲಿ ಅರ್ಧ ಕಾಣುವ ಸಿಗ್ನಲ್ ಕಂಬವೇ ಕೊನೆಗೆ ಕೈ ಹಿಡಿಯುವುದುಂಟು. ಕಾಂಟ್ರಾಸ್ಟ್ ಜಾಸ್ತಿ ಮಾಡಿ ನೋಡುವುದು ಸರಿ, ಆದರೆ ಮೂಲ ಸ್ಕ್ಯಾನ್ ಹಾಗೇ ಇರಲಿ. ಈಗಿನ ಫೋನ್ ಆ್ಯಪ್‌ಗಳು ಮಸುಕನ್ನು ‘ಸರಿ’ ಮಾಡುವಾಗ ಇಲ್ಲದ ಅಂಕಿಗಳನ್ನೂ ಹುಟ್ಟಿಸುತ್ತವೆ. 3 ಹೋಗಿ 8 ಆದರೆ ನಿಮ್ಮ ಕಥೆ ಮುಗಿಯಿತು.

ಲಕ್ಷಣ: ಎಂಜಿನ್ ಯಾವ ಪಟ್ಟಿಯಲ್ಲೂ ಸಿಗುತ್ತಿಲ್ಲ

ನಮ್ಮ ಕಡೆಯ ಹಳೆಯ ಆಲ್ಬಮ್‌ಗಳಲ್ಲಿ ಇದು ಮೊದಲ ದೋಷ. ದೇಶವೇ ತಪ್ಪಾಗಿರುತ್ತದೆ. ಭಾರತದಲ್ಲಿ ಓಡಿದ ಎಂಜಿನ್‌ಗಳಲ್ಲಿ ಬಹಳಷ್ಟು ಬ್ರಿಟನ್ನಿನಲ್ಲೇ ತಯಾರಾದವು. ಗ್ಲಾಸ್ಗೋದ ನಾರ್ತ್ ಬ್ರಿಟಿಷ್, ನ್ಯೂಟನ್-ಲೆ-ವಿಲ್ಲೋಸ್‌ನ ವಲ್ಕನ್ ಫೌಂಡ್ರಿ, ಮ್ಯಾಂಚೆಸ್ಟರಿನ ಬೇಯರ್ ಪೀಕಾಕ್, ಹೀಗೆ. ಹಾಗಾಗಿ ತಯಾರಕರ ಫಲಕದಲ್ಲಿ ‘ಗ್ಲಾಸ್ಗೋ’ ಅಂತ ಓದಿದ ಮಾತ್ರಕ್ಕೆ ಎಂಜಿನ್ ಸ್ಕಾಟ್ಲೆಂಡಿನಲ್ಲಿ ಓಡಿತ್ತು ಎಂದಲ್ಲ. ನನ್ನ ಕೇಸು ಇದಕ್ಕೆ ತಿರುಗುಮುರುಗು. ಬ್ರಿಟನ್ನಿನ ಎಂಜಿನ್ನನ್ನು ನಮ್ಮೂರಿನದು ಎಂದುಕೊಂಡಿದ್ದೆವು.

ಇದನ್ನು ಪತ್ತೆ ಮಾಡಲು ಎಂಜಿನ್ನಿನ ಮೂತಿ ನೋಡಿದರೆ ಸಾಕು. ಬ್ರಿಟನ್ನಿನ ಮುಖ್ಯ ಮಾರ್ಗಗಳ ಹಳಿ ಅಗಲ 1435 ಮಿಲಿಮೀಟರ್. ಮುಂದಿನ ಅಡ್ಡತೊಲೆಯ ಎರಡು ತುದಿಗೆ ಎರಡು ದುಂಡು ಬಫರ್ (ಗುದ್ದು ತಡೆಯುವ ತಟ್ಟೆ), ನಡುವೆ ಕೊಕ್ಕೆ ಮತ್ತು ಸರಪಳಿ. ನಮ್ಮ ಹಳೆಯ ಬೆಂಗಳೂರು-ಮೈಸೂರು ಮಾರ್ಗ ಮೀಟರ್ ಗೇಜ್. ಮೀಟರ್ ಗೇಜ್ ಗಾಡಿಗೆ ನಟ್ಟನಡುವೆ ಒಂದೇ ಬಫರ್, ಅದೇ ಕೊಂಡಿ ಕೂಡ. ಎರಡು ಬಫರ್ ಕಂಡರೆ ಅದು ಮೀಟರ್ ಗೇಜ್ ಅಲ್ಲ, ಅಲ್ಲಿಗೆ ಆ ಕಾಲದ ಮೈಸೂರೂ ಅಲ್ಲ. ಭಾರತದ ಬ್ರಾಡ್ ಗೇಜಿನಲ್ಲಿ ಎರಡು ಬಫರ್ ಇರುತ್ತವೆ. ಆದರೆ ಅಲ್ಲಿ ಸಾಮಾನ್ಯವಾಗಿ ದೊಡ್ಡ ಹೆಡ್‌ಲೈಟು, ಹಳಿ ಮುಂದೆ ದನ ತಳ್ಳುವ ಕಂಬಿಬಲೆ ಕಾಣುತ್ತವೆ. ಬ್ರಿಟನ್ನಿನಲ್ಲಿ ಹಳಿಯ ಉದ್ದಕ್ಕೂ ಬೇಲಿ ಹಾಕಿದ್ದರಿಂದ ಎಂಜಿನ್ನಿಗೆ ಕಂಬಿಬಲೆ ಇರುತ್ತಿರಲಿಲ್ಲ. ರಾತ್ರಿ ದಾರಿ ತೋರುವ ದೊಡ್ಡ ಲೈಟೂ ಇರಲಿಲ್ಲ, ಎಣ್ಣೆಯ ಚಿಕ್ಕ ಲಾಂದ್ರಗಳಷ್ಟೇ.

ನಮ್ಮ ಗೋಡೆಯ ಫೋಟೋದಲ್ಲಿ ಎರಡು ಬಫರ್ ಎದ್ದು ಕಾಣುತ್ತವೆ. ಕಂಬಿಬಲೆ ಇಲ್ಲ. ಇಷ್ಟು ವರ್ಷ ದಿನಾ ಕಣ್ಣ ಮುಂದಿದ್ದರೂ ನಾವ್ಯಾರೂ ನೋಡಿರಲಿಲ್ಲ. ಹೆಸರು ಓದಿದ ಮೇಲೆ ಬೇರೇನೂ ನೋಡುವುದೇ ಬೇಡ ಅನ್ನಿಸಿಬಿಡುತ್ತದೆ.

ಲಕ್ಷಣ: ಹೆಸರು ಸಿಕ್ಕಿದೆ, ಉಳಿದದ್ದು ಹೊಂದುತ್ತಿಲ್ಲ

ಇಲ್ಲಿ ಎರಡು ಬೇರೆ ಬೇರೆ ದೋಷ ಇರಬಹುದು.

ಒಂದನೆಯದು, ಓದಿದ್ದು ಎಂಜಿನ್ನಿನ ಹೆಸರೇ ಅಲ್ಲ, ಟ್ರೈನಿನ ಹೆಸರು. ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಅಂದರೆ ಲಂಡನ್ನಿನ ಕಿಂಗ್ಸ್ ಕ್ರಾಸಿನಿಂದ ಎಡಿನ್‌ಬರೋಗೆ ಬೆಳಿಗ್ಗೆ 10 ಗಂಟೆಗೆ ಹೊರಡುತ್ತಿದ್ದ ಟ್ರೈನು. ಅದೇ ಹೆಸರಿನ ಒಂದು ಎಂಜಿನ್ನೂ ಇದೆ. ‘ರಾಯಲ್ ಸ್ಕಾಟ್’ ಕೂಡ ಹಾಗೇ, ಟ್ರೈನೂ ಹೌದು, ಎಂಜಿನ್ನೂ ಹೌದು. ನಮ್ಮಲ್ಲಿ ಬೃಂದಾವನ ಎಕ್ಸ್‌ಪ್ರೆಸ್ಸನ್ನು ಒಂದು ದಿನ ಒಂದು ಎಂಜಿನ್, ಮರುದಿನ ಇನ್ನೊಂದು ಎಳೆಯುತ್ತದಲ್ಲ, ಅಲ್ಲೂ ಅಷ್ಟೇ. ಟ್ರೈನಿನ ಹೆಸರಿನ ಬೋರ್ಡನ್ನು ಎಂಜಿನ್ನಿನ ಎದುರಿಗೆ, ಸ್ಮೋಕ್‌ಬಾಕ್ಸ್ (ಬಾಯ್ಲರಿನ ಮುಂತುದಿಯ ಹೊಗೆಪೆಟ್ಟಿಗೆ) ಬಾಗಿಲಿನ ಮೇಲ್ಗಡೆ ಸಿಕ್ಕಿಸುತ್ತಿದ್ದರು. ಎಂಜಿನ್ನಿನ ಸ್ವಂತ ಹೆಸರು ಪಕ್ಕಕ್ಕಿರುತ್ತದೆ, ಬಾಯ್ಲರಿನ ಬದಿಗೆ ಅಥವಾ ಗಾಲಿ ಮುಚ್ಚುವ ಸ್ಪ್ಲಾಶರ್ ಮೇಲೆ. ಎದುರಿನದ್ದು ಕಳಚುವ ಬೋರ್ಡು, ಪಕ್ಕದ್ದು ಕಾಯಂ.

ಎರಡನೆಯದು, ಹೆಸರು ಸರಿ, ಆದರೆ ಅದರಿಂದ ನೀವು ಊಹಿಸಿದ್ದು ತಪ್ಪು. ನನ್ನ ತಪ್ಪು ಇದೇ. ಲಂಡನ್ ಮಿಡ್ಲೆಂಡ್ ಅಂಡ್ ಸ್ಕಾಟಿಷ್ ರೈಲ್ವೆ, ಅಂದರೆ ಎಲ್‌ಎಂಎಸ್, 1934ರಿಂದ 1936ರ ನಡುವೆ ‘ಜ್ಯೂಬಿಲಿ’ ಎಂಬ ವರ್ಗದ 191 ಎಂಜಿನ್‌ಗಳನ್ನು ಇಳಿಸಿತು. ವಿನ್ಯಾಸ ವಿಲಿಯಂ ಸ್ಟೇನಿಯರ್ ಅವರದ್ದು. ಅಷ್ಟು ಎಂಜಿನ್‌ಗೆ ಹೆಸರು ಎಲ್ಲಿಂದ ತರುವುದು? ಸಾಮ್ರಾಜ್ಯದ ನಕ್ಷೆ ಹರಡಿಕೊಂಡು ಕೂತರು ಅಂತ ಕಾಣುತ್ತದೆ. ಕೆನಡಾದ ಪ್ರಾಂತ್ಯಗಳು, ಆಸ್ಟ್ರೇಲಿಯಾದ ರಾಜ್ಯಗಳು ಆದವು, ಆಮೇಲೆ ನಮ್ಮವು ಬಂದವು. ಇಂಡಿಯಾ, ಮದ್ರಾಸ್, ಬಾಂಬೆ, ಬೆಂಗಾಲ್, ಹೈದರಾಬಾದ್, ಬರೋಡಾ, ಕಾಶ್ಮೀರ್, ತಿರುವಾಂಕೂರ್, ಇಂದೋರ್, ಕೊಲ್ಲಾಪುರ, ಭೋಪಾಲ್. ಹೈದರಾಬಾದಿಗೂ ಬರೋಡಕ್ಕೂ ನಡುವೆ 5586ನೆಯ ನಂಬರಿಗೆ ಮೈಸೂರು. 1934ರಲ್ಲಿ ಗ್ಲಾಸ್ಗೋದಲ್ಲಿ ನಾರ್ತ್ ಬ್ರಿಟಿಷ್ ಕಂಪನಿ ಕಟ್ಟಿದ ಎಂಜಿನ್ ಅದು. ಮೈಸೂರಿನ ಹಳಿ ಅದಕ್ಕೆ ಹೊಂದುವುದೂ ಇಲ್ಲ.

ಹೆಸರಿನಿಂದ ವರ್ಷ ಹೇಳಬಹುದಾ? ಕೆಲವು ಸಲ ಸೊಗಸಾಗಿ ಹೇಳಬಹುದು. ಇದೇ ಜ್ಯೂಬಿಲಿ ವರ್ಗದಲ್ಲಿ ‘ಐರಿಷ್ ಫ್ರೀ ಸ್ಟೇಟ್’ 1938ರಲ್ಲಿ ‘ಐರೆ’ ಆಯಿತು. ‘ಟ್ರಾನ್ಸ್-ಜೋರ್ಡನ್’ 1946ರಲ್ಲಿ ‘ಏಡನ್’ ಆಯಿತು. ‘ಬ್ರಿಟಾನಿಯಾ’ 1951ರಲ್ಲಿ ಆ ಹೆಸರನ್ನು ಹೊಸ ಎಂಜಿನ್ನಿಗೆ ಬಿಟ್ಟುಕೊಟ್ಟು ‘ಅಮೆಥಿಸ್ಟ್’ ಆಯಿತು. ‘ಗೋಲ್ಡ್ ಕೋಸ್ಟ್’ ಸ್ವತಂತ್ರವಾದ ಮೇಲೆ, 1958ರಲ್ಲಿ, ಎಂಜಿನ್ ‘ಘಾನಾ’ ಆಯಿತು. ಆದರೆ ನಮಗೆ ಸ್ವಾತಂತ್ರ್ಯ ಬಂದರೂ ನಮ್ಮ ಹೆಸರುಗಳನ್ನು ಯಾರೂ ಮುಟ್ಟಲಿಲ್ಲ. ‘ಯುನೈಟೆಡ್ ಪ್ರಾವಿನ್ಸಸ್’ ಎಂಬ ಪ್ರಾಂತ್ಯ 1950ರಲ್ಲಿ ಉತ್ತರ ಪ್ರದೇಶವಾಯಿತು, ಎಂಜಿನ್ ಮಾತ್ರ ಹಳೆಯ ಹೆಸರಿನಲ್ಲೇ ಓಡುತ್ತಿತ್ತು. ಅತ್ತ ಬ್ರಿಟನ್ನಿನ ಪೂರ್ವ ಕರಾವಳಿ ಮಾರ್ಗದ ‘ಎಂಪೈರ್ ಆಫ್ ಇಂಡಿಯಾ’ ಎಂಬ ಎಂಜಿನ್ 1964ರ ತನಕ ಅದೇ ಫಲಕ ಹೊತ್ತು ಓಡಿತು. ಆಗ ನಮ್ಮ ಗಣರಾಜ್ಯಕ್ಕೆ 14 ವರ್ಷ. ಸಾಮ್ರಾಜ್ಯದ ಹೆಸರಿದೆ, ಹಾಗಾಗಿ 1947ಕ್ಕಿಂತ ಮುಂಚಿನದು ಎನ್ನುವ ವಾದ ನಿಲ್ಲುವುದಿಲ್ಲ.

ಲಕ್ಷಣ: ನಂಬರ್ ಕಾಣುತ್ತದೆ, ಆದರೆ ಪಟ್ಟಿಯಲ್ಲಿ ಬೇರೆಯೇ ಎಂಜಿನ್ ಬರುತ್ತದೆ

ಇದು ಎಲ್ಲಕ್ಕಿಂತ ಜಾಸ್ತಿ ಬರುವ ದೂರು. ನಂಬರು ಓದಿದ ಕೂಡಲೇ ಹುಡುಕಲು ಹೊರಡಬೇಡಿ. ನಂಬರು ಯಾವ ಕಂಪನಿಯದ್ದು, ಯಾವ ಕಾಲದ್ದು ಎಂದು ಮೊದಲು ಕೇಳಿಕೊಳ್ಳಿ.

ಬ್ರಿಟನ್ನಿನ ನೂರಕ್ಕೂ ಹೆಚ್ಚು ರೈಲ್ವೆ ಕಂಪನಿಗಳನ್ನು 1923ರ ಜನವರಿ 1ರಂದು ನಾಲ್ಕು ದೊಡ್ಡ ಕಂಪನಿಗಳಾಗಿ ಸೇರಿಸಿದರು. ಗ್ರೇಟ್ ವೆಸ್ಟರ್ನ್, ಎಲ್‌ಎಂಎಸ್, ಎಲ್‌ಎನ್‌ಇಆರ್ (ಲಂಡನ್ ಅಂಡ್ ನಾರ್ತ್ ಈಸ್ಟರ್ನ್), ಸದರ್ನ್. ಈ ನಾಲ್ಕೂ 1948ರ ಜನವರಿ 1ಕ್ಕೆ ಸರಕಾರದ ಬ್ರಿಟಿಷ್ ರೈಲ್ವೇಸ್ ಆದವು. ಪ್ರತಿ ಸಲವೂ ನಂಬರ್ ಬದಲಾವಣೆ. ನಡುವೆ ಅವರವರೇ ಮಾಡಿಕೊಂಡ ಬದಲಾವಣೆ ಬೇರೆ.

1923ರಿಂದ 1947ರ ತನಕ ಒಂದೇ ನಂಬರು ಎರಡು ಕಂಪನಿಯಲ್ಲಿ ಇರುವುದು ಮಾಮೂಲು. 5000 ಎಂದರೆ ಗ್ರೇಟ್ ವೆಸ್ಟರ್ನ್‌ನಲ್ಲಿ ‘ಲಾನ್ಸೆಸ್ಟನ್ ಕ್ಯಾಸಲ್’, ಎಲ್‌ಎಂಎಸ್‌ನಲ್ಲಿ ‘ಬ್ಲ್ಯಾಕ್ ಫೈವ್’ ಎಂಬ ವರ್ಗದ ಒಂದು ಎಂಜಿನ್. 6100 ಎಂದರೆ ಎಲ್‌ಎಂಎಸ್‌ನಲ್ಲಿ ‘ರಾಯಲ್ ಸ್ಕಾಟ್’, ಗ್ರೇಟ್ ವೆಸ್ಟರ್ನ್‌ನಲ್ಲಿ ಲಂಡನ್ ಸುತ್ತಮುತ್ತ ಓಡಾಡುವ ಟ್ಯಾಂಕ್ ಎಂಜಿನ್, ಅಂದರೆ ನೀರು-ಕಲ್ಲಿದ್ದಲನ್ನು ತನ್ನ ಮೈಮೇಲೇ ಹೊರುವಂಥದ್ದು. ಒಂದು ಆನೆ, ಇನ್ನೊಂದು ಮರಿಯಾನೆ.

1948ರ ನಂತರದ್ದು ಸುಲಭ. ಐದಂಕಿ ಇದ್ದರೆ ಮೊದಲ ಅಂಕಿ ನೋಡಿ. ಸದರ್ನ್ ಎಂಜಿನ್‌ಗಳಿಗೆ 30000 ಸೇರಿಸಿದರು, ಎಲ್‌ಎಂಎಸ್‌ನವಕ್ಕೆ 40000, ಎಲ್‌ಎನ್‌ಇಆರ್‌ನವಕ್ಕೆ 60000. ಬ್ರಿಟಿಷ್ ರೈಲ್ವೇಸ್ ಹೊಸದಾಗಿ ಕಟ್ಟಿದ ಸ್ಟ್ಯಾಂಡರ್ಡ್ ಎಂಜಿನ್‌ಗಳು 70000ದಿಂದ ಮೇಲೆ. ಗ್ರೇಟ್ ವೆಸ್ಟರ್ನ್‌ನವರು ಹಿತ್ತಾಳೆಯ ಎರಕದ ನಂಬರ್ ಫಲಕ ಹಾಕಿದ್ದರಿಂದ ಅವರಿಗೆ ಹಳೆಯ ನಂಬರನ್ನೇ ಬಿಟ್ಟರು. ಹಾಗಾಗಿ ನಾಲ್ಕಂಕಿ ಕಂಡ ಮಾತ್ರಕ್ಕೆ 1948ಕ್ಕಿಂತ ಹಿಂದಿನದು ಎನ್ನಬೇಡಿ. ಗ್ರೇಟ್ ವೆಸ್ಟರ್ನ್ ಎಂಜಿನ್ 1965ರಲ್ಲೂ ನಾಲ್ಕಂಕಿಯಲ್ಲೇ ಓಡುತ್ತಿತ್ತು. 1948ರ ಮೊದಲ ಕೆಲವು ತಿಂಗಳು ಹೊಸ ನಂಬರು ಬರುವ ತನಕ ಹಳೆಯದಕ್ಕೇ ಎಂ, ಇ, ಎಸ್ ಅಂತ ಒಂದು ಅಕ್ಷರ ಅಂಟಿಸಿದ್ದೂ ಉಂಟು. ಆ ಅಕ್ಷರ ಕಂಡರೆ ಲಾಟರಿ ಹೊಡೆದ ಹಾಗೆ, ಕಾಲ ಬಹಳ ಹತ್ತಿರಕ್ಕೆ ಬಂದುಬಿಡುತ್ತದೆ.

ಒಂದೇ ಎಂಜಿನ್ ಎಷ್ಟು ನಂಬರು ಹೊತ್ತಿರಬಹುದು ಎಂಬುದಕ್ಕೆ ಫ್ಲೈಯಿಂಗ್ ಸ್ಕಾಟ್ಸ್‌ಮನ್ನನ್ನೇ ನೋಡಿ. 1923ರಲ್ಲಿ ಡಾನ್‌ಕಾಸ್ಟರಿನಲ್ಲಿ ಹುಟ್ಟಿದಾಗ 1472. ಮರುವರ್ಷ 4472. 1946ರಲ್ಲಿ ಕೆಲವೇ ತಿಂಗಳು 502, ಅದೇ ವರ್ಷ 103. ರಾಷ್ಟ್ರೀಕರಣದ ಮೇಲೆ 60103. ನಿಮ್ಮ ಫೋಟೋದಲ್ಲಿ 103 ಇದ್ದರೆ ಅದು 1946-48ರ ಆಸುಪಾಸು, ಅಷ್ಟು ಖಚಿತ. ಸದರ್ನ್‌ನವರ ಕಥೆ ಬೇರೆ. ಮೊದಲಿಗೆ ಎ, ಬಿ, ಇ ಎಂದು ವರ್ಕ್‌ಶಾಪಿನ ಅಕ್ಷರ ಮುಂದೆ ಇಟ್ಟುಕೊಂಡಿದ್ದರು. 1931ರಿಂದ ಅದನ್ನು ಬಿಟ್ಟು ಎ-ಗೆ 1000, ಬಿ-ಗೆ 2000 ಕೂಡಿಸಿದರು. ಆಮೇಲೆ ಬುಲೀಡ್ ಎಂಬ ಎಂಜಿನಿಯರ್ ಬಂದು ತಮ್ಮ ಹೊಸ ಎಂಜಿನ್‌ಗೆ 21ಸಿ1 ಅಂತ ನಂಬರು ಕೊಟ್ಟರು. ಮುಂದೆ ಎರಡು ಅಚ್ಚು, ಹಿಂದೆ ಒಂದು, ನಡುವೆ ಓಡಿಸುವ ಅಚ್ಚು ಸಿ ಅಂದರೆ ಮೂರು, ಕೊನೆಯ 1 ಕ್ರಮಸಂಖ್ಯೆ. ಫೋಟೋದಲ್ಲಿ ಇಂಥದ್ದು ಕಂಡು ‘ಸ್ಕ್ಯಾನ್ ಕೆಟ್ಟಿದೆ’ ಅಂದುಕೊಂಡವರು ಇದ್ದಾರೆ. ಅದು ಸರಿಯಾಗೇ ಇದೆ.

ನಂಬರೇ ಸುಳ್ಳು ಹೇಳುವ ಕೇಸುಗಳೂ ಇವೆ. 1933ರಲ್ಲಿ ಅಮೆರಿಕಕ್ಕೆ ಪ್ರದರ್ಶನಕ್ಕೆ ಹೋದ ‘ರಾಯಲ್ ಸ್ಕಾಟ್ 6100’ ನಿಜವಾಗಿ 6152. ಹೋಗುವ ಮುಂಚೆ ಎರಡು ಎಂಜಿನ್‌ಗಳ ಹೆಸರು, ನಂಬರು ಅದಲುಬದಲು ಮಾಡಿದರು, ವಾಪಸ್ ಬಂದ ಮೇಲೂ ಸರಿ ಮಾಡಲಿಲ್ಲ. 1939ರಲ್ಲಿ ನ್ಯೂಯಾರ್ಕಿಗೆ ‘ಕರೋನೇಷನ್ 6220’ ಎಂದು ಹೋದದ್ದು 6229 ‘ಡಚೆಸ್ ಆಫ್ ಹ್ಯಾಮಿಲ್ಟನ್’. ಇದನ್ನು ಮಾತ್ರ ಯುದ್ಧದ ನಡುವೆ ಮತ್ತೆ ಬದಲಿಸಿದರು. 1952ರಲ್ಲಿ ಆರನೇ ಜಾರ್ಜ್ ದೊರೆ ತೀರಿಕೊಂಡಾಗ ಅವರ ಕೊನೆಯ ಪ್ರಯಾಣಕ್ಕೆ ‘ವಿಂಡ್ಸರ್ ಕ್ಯಾಸಲ್ 4082’ ಬೇಕಿತ್ತು. ಅದು ರಿಪೇರಿಯಲ್ಲಿತ್ತು. 1948ರಲ್ಲಿ ಕಟ್ಟಿದ್ದ ‘ಬ್ರಿಸ್ಟಲ್ ಕ್ಯಾಸಲ್ 7013’ಕ್ಕೆ ಆ ಹೆಸರು, ನಂಬರು ಹಾಕಿ ಕಳಿಸಿದರು. ಮತ್ತೆ ವಾಪಸ್ ಬದಲಿಸಲೇ ಇಲ್ಲ. ಜ್ಯೂಬಿಲಿ ವರ್ಗಕ್ಕೆ ಹೆಸರು ಬರಲು ಕಾರಣವಾದ ‘ಸಿಲ್ವರ್ ಜ್ಯೂಬಿಲಿ 5552’ ಕೂಡ 1935ರಲ್ಲಿ 5642ರ ಜೊತೆ ಗುರುತು ಬದಲಿಸಿಕೊಂಡದ್ದೇ. ಇಂಥ ಪ್ರಸಿದ್ಧ ಎಂಜಿನ್ನಿನ ಫೋಟೋ ಸಿಕ್ಕರೆ ಇನ್ನೂ ಜಾಸ್ತಿ ಅನುಮಾನಪಡಿ. ಗೂಡ್ಸ್ ಎಳೆಯುವ ಬಡಪಾಯಿ ಎಂಜಿನ್‌ಗೆ ವೇಷ ಹಾಕುವ ಉಸಾಬರಿ ಯಾರಿಗೂ ಬೇಕಿರಲಿಲ್ಲ.

ಲಕ್ಷಣ: ನಂಬರೂ ಇಲ್ಲ, ಹೆಸರೂ ಇಲ್ಲ

ಆಗ ಗಾಲಿ ಎಣಿಸಿ. ಪಕ್ಕದಿಂದ ಕಾಣುವ ಚಿಕ್ಕ ಮುಂಗಾಲಿ, ಓಡಿಸುವ ದೊಡ್ಡ ಗಾಲಿ, ಹಿಂದಿನ ಚಿಕ್ಕ ಗಾಲಿ. ಒಂದೊಂದನ್ನೂ ಎರಡರಿಂದ ಗುಣಿಸಿ. ಮುಂದೆ ಎರಡು, ನಡುವೆ ಮೂರು, ಹಿಂದೆ ಒಂದು ಕಂಡರೆ 4-6-2. ಟೆಂಡರಿನ, ಅಂದರೆ ಎಂಜಿನ್ನಿನ ಹಿಂದೆ ಜೋಡಿಸಿದ ನೀರು-ಕಲ್ಲಿದ್ದಲಿನ ಗಾಡಿಯ, ಗಾಲಿ ಎಣಿಸಬೇಡಿ. ಹೊಸಬರು ಮಾಡುವ ತಪ್ಪು ಅದೇ. ಓಡಿಸುವ ಗಾಲಿಗಳನ್ನು ಸೇರಿಸುವ ಉದ್ದ ಕಬ್ಬಿಣದ ಸಲಾಕೆ ಎಲ್ಲಿಂದ ಎಲ್ಲಿಯ ತನಕ ಇದೆ ನೋಡಿದರೆ ಗೊಂದಲ ಇರುವುದಿಲ್ಲ.

ಆಮೇಲೆ ಬಾಯ್ಲರಿನ ಹಿಂಭಾಗ, ಡ್ರೈವರ್ ನಿಲ್ಲುವ ಕ್ಯಾಬಿಗೆ ತಾಗುವ ಫೈರ್‌ಬಾಕ್ಸ್. ಅದರ ಹೆಗಲು ಪೆಟ್ಟಿಗೆಯಂತೆ ಚೌಕವಾಗಿದ್ದರೆ ಬೆಲ್‌ಪೇರ್ ಮಾದರಿ, ದುಂಡಗಿದ್ದರೆ ಮಾಮೂಲಿ. ಗ್ರೇಟ್ ವೆಸ್ಟರ್ನ್ ಮತ್ತು ಸ್ಟೇನಿಯರ್ ಕಾಲದ ಎಲ್‌ಎಂಎಸ್ ಚೌಕ, ಎಲ್‌ಎನ್‌ಇಆರ್‌ನಲ್ಲಿ ಗ್ರೆಸ್ಲಿ ಎಂಬ ಎಂಜಿನಿಯರ್ ವಿನ್ಯಾಸ ಮಾಡಿದ ಎಂಜಿನ್‌ಗಳು ದುಂಡು. ಗ್ರೇಟ್ ವೆಸ್ಟರ್ನ್ ಎಂದು ಹೇಳಲು ಇನ್ನೂ ಗುರುತಿವೆ. ಚಿಮಣಿಯ ತುದಿಗೆ ತಾಮ್ರದ ಬಳೆ, ಬಾಯ್ಲರಿನ ಮೇಲೆ ಡೋಮ್ (ಗುಮ್ಮಟದಂಥ ಉಬ್ಬು) ಬದಲು ಹಿತ್ತಾಳೆಯ ಉದ್ದ ಟೋಪಿಯಂಥ ಸೇಫ್ಟಿ ವಾಲ್ವ್, ಕ್ಯಾಬಿನ ಪಕ್ಕ ಎರಕದ ನಂಬರ್ ಫಲಕ. ‘ಕಿಂಗ್’ ವರ್ಗವಾದರೆ ಮುಂದಿನ ಚಿಕ್ಕ ಗಾಲಿಗಳ ಚೌಕಟ್ಟು ನೋಡಿ ಹೇಳಬಹುದು. ಮೊದಲ ಅಚ್ಚಿನ ಬೇರಿಂಗ್ ಹೊರಗೆ, ಎರಡನೆಯದ್ದು ಒಳಗೆ. ಅದರಲ್ಲೂ ಬಫರ್ ತೊಲೆಯ ಮೇಲೆ ಗಂಟೆ ಕಂಡರೆ ಅದು 6000 ‘ಕಿಂಗ್ ಜಾರ್ಜ್ ದಿ ಫಿಫ್ತ್’, ಕಾಲ 1927ರ ನಂತರ. ಅಮೆರಿಕಕ್ಕೆ ಹೋದಾಗ ಅವರು ಕಟ್ಟಿ ಕಳಿಸಿದ ಗಂಟೆ ಅದು.

ಸ್ಟೇನಿಯರ್ 1932ರಲ್ಲಿ ಎಲ್‌ಎಂಎಸ್‌ಗೆ ಬಂದದ್ದು ಗ್ರೇಟ್ ವೆಸ್ಟರ್ನ್‌ನಿಂದಲೇ. ಹಾಗಾಗಿ ಎರಡು ಕಂಪನಿಯ ಎಂಜಿನ್‌ಗಳ ನಡುವೆ ಅಣ್ಣತಮ್ಮಂದಿರ ಹೋಲಿಕೆ ಇದೆ. ಜ್ಯೂಬಿಲಿಯೂ ಬ್ಲ್ಯಾಕ್ ಫೈವೂ ಒಂದೇ ಕಂಪನಿಯ 4-6-0. ದೂರದಿಂದ ನೋಡಿದರೆ ನನಗೂ ಈಗಲೂ ಗೊಂದಲ. ಜ್ಯೂಬಿಲಿಯ ಓಡಿಸುವ ಗಾಲಿ 6 ಅಡಿ 9 ಅಂಗುಲ, ಬ್ಲ್ಯಾಕ್ ಫೈವ್‌ನದ್ದು 6 ಅಡಿ. ದೊಡ್ಡ ಗಾಲಿಯನ್ನು ಮುಚ್ಚುವ ಸ್ಪ್ಲಾಶರ್ ಜ್ಯೂಬಿಲಿಯಲ್ಲಿ ಎದ್ದು ಕಾಣುತ್ತದೆ, ಅದರ ಮೇಲೆ ಹೆಸರು. 842 ಬ್ಲ್ಯಾಕ್ ಫೈವ್‌ಗಳಲ್ಲಿ ಹೆಸರಿದ್ದದ್ದು ಬೆರಳೆಣಿಕೆಯಷ್ಟಕ್ಕೆ ಮಾತ್ರ.

ನಮ್ಮ ಫೋಟೋದ ಎಂಜಿನ್ನಿಗೆ ಡೋಮ್ ಇದೆಯೋ ಇಲ್ಲವೋ ಎಂದು ಭೂತಗನ್ನಡಿ ಹಿಡಿದು ಒಂದು ಇಡೀ ಭಾನುವಾರ ಕಳೆದೆ. ವ್ಯರ್ಥ. ಶುರುವಿನ ಜ್ಯೂಬಿಲಿಗಳಿಗೆ ಡೋಮ್ ಇಲ್ಲದ ಬಾಯ್ಲರ್, ಆಮೇಲಿನವಕ್ಕೆ ಡೋಮ್ ಇರುವುದು, ನಿಜ. ಆದರೆ ವರ್ಕ್‌ಶಾಪಿಗೆ ಹೋದಾಗ ಬಾಯ್ಲರ್ ಇಳಿಸಿ ಸಿದ್ಧವಿದ್ದ ಇನ್ನೊಂದನ್ನು ಕೂರಿಸುವುದು ಅಲ್ಲಿನ ರೂಢಿ. ಟೆಂಡರೂ ಅಷ್ಟೇ. ಬಾಯ್ಲರ್ ಮತ್ತು ಟೆಂಡರ್ ನೋಡಿ ಇಂಥದ್ದೇ ಎಂಜಿನ್ ಎನ್ನುವುದು, ಚಪ್ಪಲಿ ನೋಡಿ ಮನುಷ್ಯನನ್ನು ಗುರುತಿಸಿದ ಹಾಗೆ.

ಲಕ್ಷಣ: ಎಲ್ಲ ಸರಿ ಇದೆ, ಏನೋ ಉಲ್ಟಾ ಅನ್ನಿಸುತ್ತದೆ

ನೆಗೆಟಿವ್ ತಿರುಗಿಸಿ ಪ್ರಿಂಟ್ ಹಾಕಿರಬಹುದು. ಅಕ್ಷರ ಓದಲು ಬಂದರೆ ತಕ್ಷಣ ಗೊತ್ತಾಗುತ್ತದೆ. ಬರದಿದ್ದರೆ ಹಳಿ ನೋಡಿ. ಬ್ರಿಟನ್ನಿನಲ್ಲಿ ಜೋಡಿ ಹಳಿಯಲ್ಲಿ ಟ್ರೈನು ಎಡಕ್ಕೆ ಓಡುತ್ತದೆ. ನಿಮ್ಮ ಕಡೆಗೆ ಬರುತ್ತಿರುವ ಟ್ರೈನು ಚಿತ್ರದ ಬಲಗಡೆಯ ಹಳಿಯಲ್ಲಿರಬೇಕು. ಸಿಗ್ನಲ್ಲಿನ ಕೈಮರವೂ ಡ್ರೈವರಿಗೆ ಕಾಣುವಂತೆ ಕಂಬದ ಎಡಕ್ಕೇ ಚಾಚಿರುತ್ತದೆ. ಎರಡೂ ಇಲ್ಲವೆಂದರೆ ಪ್ಲಾಟ್‌ಫಾರಮ್ಮಿನಲ್ಲಿ ನಿಂತ ಗಂಡಸರ ಕೋಟಿನ ಗುಂಡಿ ನೋಡಿ.

ಲಕ್ಷಣ: ಎಂಜಿನ್ ಕಪ್ಪಗಿದೆ, ಆ ವರ್ಗಕ್ಕೆ ಕಪ್ಪು ಬಣ್ಣ ಇರಲೇ ಇಲ್ಲ

ಎಂಜಿನ್ ಕಪ್ಪಿರಲಿಕ್ಕಿಲ್ಲ. ಹಳೆಯ ಆರ್ಥೊಕ್ರೊಮ್ಯಾಟಿಕ್ ಪ್ಲೇಟು ಮತ್ತು ಫಿಲ್ಮಿಗೆ ಕೆಂಪು ಕಾಣುವುದೇ ಇಲ್ಲ. ಮಿಡ್ಲೆಂಡ್ ರೈಲ್ವೆಯ ಕಡುಗೆಂಪು ಎಂಜಿನ್ ಅದರಲ್ಲಿ ಇದ್ದಿಲಿನಂತೆ ಬರುತ್ತದೆ. ಕ್ಯಾಲಿಡೋನಿಯನ್ ರೈಲ್ವೆಯ ನೀಲಿ ತೆಳ್ಳಗೆ ಬೆಳ್ಳಗಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಹೊಸ ಎಂಜಿನ್ ಬೂದು ಬಣ್ಣದಲ್ಲಿ ಥಳಥಳ ಹೊಳೆಯುತ್ತಿದ್ದರೆ, ಹಿನ್ನೆಲೆಯಲ್ಲಿ ಏನೂ ಇಲ್ಲದಿದ್ದರೆ, ಅದು ತಯಾರಕರ ಅಧಿಕೃತ ಫೋಟೋ. ಕ್ಯಾಮೆರಾಕ್ಕೆ ಚೆನ್ನಾಗಿ ಕಾಣಲೆಂದೇ ಬೂದು ಬಣ್ಣ ಬಳಿದು ತೆಗೆದು, ಆಮೇಲೆ ನಿಜವಾದ ಬಣ್ಣ ಹೊಡೆಯುತ್ತಿದ್ದರು. ಕಪ್ಪು-ಬಿಳುಪು ಫೋಟೋ ನೋಡಿ ಬಣ್ಣದ ಮೇಲೆ ಪಣ ಕಟ್ಟಬೇಡಿ. ಕಂಪ್ಯೂಟರಿನಲ್ಲಿ ಬಣ್ಣ ತುಂಬಿಸಿಕೊಂಡು ಪಣ ಕಟ್ಟುವವರಿಗಂತೂ ನಾನೇನೂ ಹೇಳುವುದಿಲ್ಲ.

ಲಕ್ಷಣ: ಎಂಜಿನ್ ಸಿಕ್ಕಿತು, ವರ್ಷ ಕೂಡುತ್ತಿಲ್ಲ

ನಾನು ಈ ಎರಡು ವರ್ಷದಲ್ಲಿ ಕಲಿತದ್ದು ಇದೊಂದೇ ಅನ್ನಬಹುದು. ಹೊಸದು ಕಂಡರೆ ಪೂರ್ತಿ ನಂಬಿ, ಹಳೆಯದು ಉಳಿದಿದ್ದರೆ ಅರ್ಧ ನಂಬಿ.

ಯಾಕೆ ಅಂದರೆ, ಲಾಂಛನ ಬದಲಾಯಿತು ಎಂದು ಆದೇಶ ಹೊರಟ ದಿನವೇ ದೇಶದ ಎಲ್ಲ ಎಂಜಿನ್ನಿಗೆ ಬಣ್ಣ ಹೊಡೆಯಲು ಯಾರಿಗೂ ಆಗುವುದಿಲ್ಲ. ಎಂಜಿನ್ ದೊಡ್ಡ ರಿಪೇರಿಗೆ ವರ್ಕ್‌ಶಾಪಿಗೆ ಹೋದಾಗ ಹೊಸ ಬಣ್ಣ, ಹೊಸ ಲಾಂಛನ. ಅಲ್ಲಿಯ ತನಕ ಹಳೆಯದೇ. ಕೆಲವು ಎಂಜಿನ್ ವರ್ಷಗಟ್ಟಲೆ ಹಳೆಯ ಬಟ್ಟೆಯಲ್ಲೇ ಓಡಿದವು. ಹಾಗಾಗಿ 1956ರಲ್ಲಿ ಬಂದ ಲಾಂಛನ ಫೋಟೋದಲ್ಲಿದ್ದರೆ ಅದು 1956ಕ್ಕಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ. ಆದರೆ ಅದಕ್ಕಿಂತ ಹಳೆಯ ಲಾಂಛನ ಇದ್ದರೆ ‘1956ಕ್ಕಿಂತ ಹಿಂದಿನದಿರಬೇಕು’ ಎನ್ನುವುದು ಬರೀ ಊಹೆ.

ಗಟ್ಟಿಯಾಗಿ ನಿಲ್ಲುವ ಕೆಲವು ಗುರುತು ಹೇಳುತ್ತೇನೆ. ಎಲ್‌ಎಂಎಸ್ ದೊಡ್ಡ ನಂಬರನ್ನು ಟೆಂಡರಿನ ಮೇಲೆ ಬರೆಯುತ್ತಿತ್ತು. ಸುಮಾರು 1928ರಿಂದ ಅದು ಕ್ಯಾಬಿಗೆ ಬಂತು, ಟೆಂಡರಿಗೆ ಎಲ್‌ಎಂಎಸ್ ಅಕ್ಷರ. ಗ್ರೇಟ್ ವೆಸ್ಟರ್ನ್‌ನ ಟೆಂಡರಿನ ಮೇಲೆ ಅಂಗಿ ಗುಂಡಿಯಂಥ ದುಂಡು ಮುದ್ರೆ ಇದ್ದರೆ ಅದು 1934ರಲ್ಲಿ ಶುರುವಾದದ್ದು. 1948ರ ಆರಂಭದಲ್ಲಿ ಟೆಂಡರ್ ಮೇಲೆ ‘ಬ್ರಿಟಿಷ್ ರೈಲ್ವೇಸ್’ ಎಂದು ಪೂರ್ತಿ ಬರೆದರು. 1950ರ ಹೊತ್ತಿಗೆ ಚಕ್ರದ ಮೇಲೆ ನಿಂತ ಸಿಂಹ ಬಂತು, ಒಂಟಿಚಕ್ರದ ಸೈಕಲ್ ಸರ್ಕಸ್ ಮಾಡುವ ಹಾಗೆ ಕಾಣುತ್ತದೆ. 1956ರಿಂದ ಕಿರೀಟದಿಂದ ಎದ್ದು ಚಕ್ರ ಹಿಡಿದುಕೊಂಡ ಸಿಂಹ. ಸ್ಮೋಕ್‌ಬಾಕ್ಸ್ ಬಾಗಿಲಿನ ಕೆಳಗೆ ಅಂಗೈ ಅಗಲದ ಮೊಟ್ಟೆಯಾಕಾರದ ಫಲಕ ಎಂಜಿನ್ನಿನ ಶೆಡ್ ಹೇಳುತ್ತದೆ. 34ಎ ಕಿಂಗ್ಸ್ ಕ್ರಾಸ್, 70ಎ ನೈನ್ ಎಲ್ಮ್ಸ್, 64ಬಿ ಎಡಿನ್‌ಬರೋದ ಹೇಮಾರ್ಕೆಟ್. ಆದರೆ ಶೆಡ್ಡಿನ ಕೋಡೂ ಬದಲಾಗಿದೆ. ಕಾರ್ಲೈಲ್‌ನ ಕಿಂಗ್‌ಮೂರ್ 68ಎ ಇದ್ದದ್ದು 1958ರಲ್ಲಿ 12ಎ ಆಯಿತು. ಕ್ಯಾಬಿನ ಪಕ್ಕ ಓರೆಯಾಗಿ ಹಳದಿ ಪಟ್ಟೆ ಇದ್ದರೆ ಅದು 1964 ಅಥವಾ ಆಮೇಲಿನದು. ಕ್ರೂ ಊರಿನಿಂದ ದಕ್ಷಿಣಕ್ಕೆ ಕರೆಂಟ್ ತಂತಿಯ ಕೆಳಗೆ ಈ ಎಂಜಿನ್ ಹೋಗಬಾರದು ಎಂಬ ಗುರುತು ಅದು.

ಮುಂದಿನ ಲಾಂದ್ರಗಳನ್ನೂ ನೋಡಿ. ಎರಡು ಬಫರಿನ ಮೇಲೂ ಒಂದೊಂದು ಇದ್ದರೆ ಎಕ್ಸ್‌ಪ್ರೆಸ್. ಚಿಮಣಿಯ ಬುಡದಲ್ಲಿ ಒಂದೇ ಇದ್ದರೆ ಎಲ್ಲ ಕಡೆ ನಿಲ್ಲುವ ಪ್ಯಾಸೆಂಜರ್. ನಾಲ್ಕೂ ಜಾಗದಲ್ಲಿ ಇದ್ದರೆ ರಾಜರ ಟ್ರೈನು. ಇದರಿಂದ ವರ್ಷ ಸಿಗುವುದಿಲ್ಲ, ಆದರೆ ಕಥೆ ಸುಳ್ಳೋ ನಿಜವೋ ಗೊತ್ತಾಗುತ್ತದೆ.

ಎಂಜಿನ್ನಿನ ವಿನ್ಯಾಸ ಹಳೆಯದು, ಹಾಗಾಗಿ ಫೋಟೋ ಹಳೆಯದು ಎನ್ನುವವರು ಜೆ72 ಎಂಬ ಪುಟ್ಟ ಶಂಟಿಂಗ್ ಎಂಜಿನ್ನನ್ನು ನೆನಪಿಡಿ. ಮೊದಲನೆಯದನ್ನು 1898ರಲ್ಲಿ ಕಟ್ಟಿದರು. ಕೊನೆಯದನ್ನು 1951ರಲ್ಲಿ, ಹೆಚ್ಚುಕಡಿಮೆ ಅದೇ ನಕ್ಷೆ ಹಿಡಿದು.

ಲಕ್ಷಣ: ಫೋಟೋ ಅತಿ ಚೆನ್ನಾಗಿದೆ

ಬ್ರಿಟನ್ನಿನ ಮುಖ್ಯ ಮಾರ್ಗದಲ್ಲಿ ಮಾಮೂಲಿ ಸ್ಟೀಮ್ ಓಡಾಟ 1968ರ ಆಗಸ್ಟಿನಲ್ಲಿ ಮುಗಿಯಿತು. ಆಮೇಲೆ ಉಳಿಸಿಕೊಂಡ ಎಂಜಿನ್‌ಗಳನ್ನು ಬೇಕಾದ ಕಾಲದ ಬಣ್ಣ, ಬೇಕಾದ ನಂಬರಿನಲ್ಲಿ ಅಲಂಕರಿಸುತ್ತಾರೆ. ಮೇಲೆ ಹೇಳಿದ ‘ಹೊಸದನ್ನು ನಂಬಿ’ ಎಂಬ ನಿಯಮ ಇಲ್ಲಿ ಇನ್ನೂ ಮುಖ್ಯ. 4472 ಎಂದು ಬರೆದಿದ್ದರೂ ಪಕ್ಕದಲ್ಲಿ ಡೀಸೆಲ್ ಎಂಜಿನ್, ಪ್ಲಾಟ್‌ಫಾರಮ್ಮಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಕಂಡರೆ ಅದು 1930ರ ದಶಕ ಅಲ್ಲ. ಇನ್ನೂ ಮೋಸ ಮಾಡುವುದು 60163 ‘ಟಾರ್ನೇಡೊ’. ನೋಡಲು 1949ರ ಎಂಜಿನ್. ಪೂರ್ತಿಯಾದದ್ದು 2008ರಲ್ಲಿ. ಆ ವರ್ಗದ ಹಳೆಯ 49 ಎಂಜಿನ್‌ಗಳು 60162ಕ್ಕೇ ಮುಗಿದಿದ್ದವು, ಇವರು ಮುಂದಿನ ನಂಬರು ಕೊಟ್ಟು ಹೊಸದನ್ನೇ ಕಟ್ಟಿದರು.

ನಮ್ಮ ಮನೆಯ ಫೋಟೋ

ಈಗ ಮೊದಲಿನ ಕೇಸಿಗೆ ಬರುತ್ತೇನೆ. ಎರಡು ಬಫರ್, ಕಂಬಿಬಲೆ ಇಲ್ಲ. 4-6-0. ಚೌಕ ಹೆಗಲಿನ ಫೈರ್‌ಬಾಕ್ಸ್. ಸ್ಪ್ಲಾಶರ್ ಮೇಲೆ ಬಾಗಿದ ಫಲಕ. ಸ್ಮೋಕ್‌ಬಾಕ್ಸ್ ಮೇಲಿನ ನಂಬರಿನಲ್ಲಿ 4558 ತನಕ ಸ್ಪಷ್ಟ, ಕೊನೆಯ ಅಂಕಿ ಉಗಿಯಲ್ಲಿ ಮುಚ್ಚಿದೆ, ಆದರೆ ಹೆಸರು ಇರುವುದರಿಂದ 45586 ಎಂಬುದರಲ್ಲಿ ಅನುಮಾನ ಇಲ್ಲ. ಐದಂಕಿ ಇದೆ ಎಂದ ಮೇಲೆ 1948ಕ್ಕಿಂತ ಹಿಂದೆ ಹೋಗುವ ಹಾಗಿಲ್ಲ. 1938 ಅಲ್ಲಿಗೇ ಬಿದ್ದುಹೋಯಿತು. ಟೆಂಡರಿನಲ್ಲಿ ಒಂಟಿಚಕ್ರದ ಸಿಂಹದ ಬಾಲ ಕಾಣುತ್ತದೆ, ಹಾಗಾಗಿ 1950ರ ಆಸುಪಾಸು ಅಥವಾ ಅದರ ನಂತರ. ಲಾಂದ್ರ ಚಿಮಣಿಯ ಬುಡದಲ್ಲಿ ಒಂದೇ. ಮಹಾರಾಜರೂ ಇಲ್ಲ, ಸ್ಪೆಷಲ್ಲೂ ಇಲ್ಲ, ಎಲ್ಲ ಊರಿನಲ್ಲೂ ನಿಲ್ಲುವ ಪ್ಯಾಸೆಂಜರ್. ಶೆಡ್ ಫಲಕ ಮಸುಕು. ಸ್ಟೇಷನ್ ಯಾವುದೆಂದು ಇವತ್ತಿಗೂ ಸಿಕ್ಕಿಲ್ಲ.

ಮೇಲಿನ ಗಡಿ ಮಾತ್ರ ಫೋಟೋದಲ್ಲಿ ಸಿಗಲಿಲ್ಲ. ಆಗ ಅಮ್ಮನನ್ನು ಕೇಳಿದೆ. ‘ಇಂಗ್ಲೆಂಡಿಗೆ ನಮ್ಮನೇಲಿ ಯಾರಾದ್ರೂ ಹೋಗಿದ್ರಾ?’ ಅಮ್ಮ ನನ್ನ ಮುಖ ನೋಡಿ, ‘ನಿಮ್ಮ ದೊಡ್ಡಪ್ಪ ಓದಕ್ಕೆ ಹೋಗಿರ್ಲಿಲ್ವಾ’ ಅಂದರು. ನಾನು ಹುಟ್ಟುವ ಮುಂಚೆಯೇ ತೀರಿಕೊಂಡ ದೊಡ್ಡಪ್ಪ. ಅವರ ಹಳೆಯ ಪಾಸ್‌ಪೋರ್ಟು ಅತ್ತೆಯ ಮನೆಯ ಟ್ರಂಕಿನಲ್ಲಿತ್ತು. ಹೋದದ್ದು 1953ರಲ್ಲಿ, ವಾಪಸ್ ಬಂದದ್ದು 1956ರಲ್ಲಿ. ಪರಊರಿನ ಪ್ಲಾಟ್‌ಫಾರಮ್ಮಿನಲ್ಲಿ ನಿಂತಾಗ ಎದುರಿಗೆ ‘ಮೈಸೋರ್’ ಎಂದು ಬರೆದ ಎಂಜಿನ್ ಬಂದು ನಿಂತರೆ ಯಾರಾದರೂ ಕ್ಯಾಮೆರಾ ತೆಗೆಯುತ್ತಾರೆ.

ಪೆನ್ಸಿಲಿನ 1938 ಉಳಿಯಿತು. ಹಾಗೆ ಯಾಕೆ ಬರೆದರು ಎಂದು ತಲೆ ಕೆರೆದುಕೊಂಡೆ. ಎಂಜಿನ್ ವರ್ಷವಲ್ಲ, ನಂಬರಲ್ಲ, ಶೆಡ್ ಕೋಡಂತೂ ಅಲ್ಲ. ಕಳೆದ ಆಯುಧಪೂಜೆಗೆ ದೇವರಮನೆ ತೊಳೆಯಲು ಎಲ್ಲ ಪಟ ಇಳಿಸಿದ್ದೆವು. ಚಾಮುಂಡೇಶ್ವರಿ ಪಟದ ಹಿಂದೆ, ಅದೇ ಕೈಬರಹದಲ್ಲಿ, ಅದೇ ಪೆನ್ಸಿಲಿನಲ್ಲಿ 1939 ಅಂತ ಇತ್ತು. ಕಟ್ಟು ಹಾಕುವ ಅಂಗಡಿಯವನ ಬಿಲ್ ನಂಬರು.